ತಲೆ ತೆಗೆದ ಮೊಲದ ಪರವಾಗಿ ಒಂದು ದೂರು

ಥೀಮ್ ಪಾರ್ಕಿನ ಅತಿಥಿ ಸಂತೋಷ ವಿಭಾಗದ ಮುಖ್ಯಸ್ಥರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಸಮುದ್ರದಾಚೆಯ ಒಂದು ಸಾಧಾರಣ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನಾನು, ತಮಗೂ ತಮ್ಮ ಪಾರ್ಕಿನ ಸಮಸ್ತ ರಾಟೆ, ಜಾರುಬಂಡೆ, ಕಾರಂಜಿಗಳಿಗೂ ಸಕುಟುಂಬವಾಗಿ ವಂದನೆಗಳನ್ನು ಅರ್ಪಿಸುತ್ತೇನೆ. ಇದು ಮೊದಲು ಮೆಚ್ಚುಗೆಯ ಪತ್ರವಾಗಿತ್ತು. ಆದರೆ ತಮ್ಮ ಕಚೇರಿಯಲ್ಲಿ ಮೆಚ್ಚುಗೆಗೆ ಮುಗುಳ್ನಗೆಯೂ ದೂರಿಗೆ ವಿಚಾರಣೆಯೂ ಸಿಗುತ್ತದೆಂದು ಅನುಭವದಿಂದ ತಿಳಿದದ್ದರಿಂದ, ಹೊಗಳಬೇಕಾದ್ದನ್ನೆಲ್ಲ ದೂರಿನ ಧಾಟಿಯಲ್ಲಿ ಬರೆಯುತ್ತಿದ್ದೇನೆ. ದಯಮಾಡಿ ಸಿಟ್ಟು ತಂದುಕೊಂಡು ಓದಬೇಕು.

ರಜೆಗೆಂದು ಬಂದವರು ನಾನು, ನನ್ನ ಹೆಂಡತಿ, ಕಾಲೇಜು ಓದುವ ಮಗಳು ಮತ್ತು ನನ್ನ ಅತ್ತೆಯವರು. ಅತ್ತೆಯವರು ನಿವೃತ್ತರಾಗುವವರೆಗೂ ಹೆರಿಗೆ ವಾರ್ಡಿನ ಹೆಡ್ ನರ್ಸ್ ಆಗಿದ್ದವರು. ಅವರ ದನಿಗೆ ಹೆದರಿ ಕೂಸುಗಳು ಕೂಡ ಸರದಿಯ ಪ್ರಕಾರ ಹುಟ್ಟುತ್ತಿದ್ದವೆಂಬ ಮಾತು ಆ ಆಸ್ಪತ್ರೆಯಲ್ಲಿ ಇಂದಿಗೂ ಇದೆ.

ತಮ್ಮಲ್ಲಿನ ಸರದಿ ಸಾಲಿನ ಶಿಸ್ತನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಒಬ್ಬರಿಗೂ ಮತ್ತೊಬ್ಬರಿಗೂ ನಡುವೆ ಒಂದು ತೊಟ್ಟಿಲು ಹಿಡಿಸುವಷ್ಟು ಜಾಗ ಬಿಟ್ಟು ನಿಲ್ಲುತ್ತೀರಿ. ನಮ್ಮ ಕಡೆ ಅಷ್ಟು ಜಾಗ ಬಿಟ್ಟರೆ ಸಾಲು ಅಲ್ಲಿಗೇ ಮುಗಿಯಿತೆಂದು ಅರ್ಥ. ಆದ್ದರಿಂದ ಅತ್ತೆಯವರು ಮುಂದಿದ್ದ ಮಹನೀಯರ ಬೆನ್ನಚೀಲಕ್ಕೆ ಆತುಕೊಂಡು ನಿಂತರು, ಅವರು ಸಂಕೋಚದಿಂದ ಒಂದು ಹೆಜ್ಜೆ ಸರಿದರು, ಇವರೂ ಸರಿದರು, ಹೀಗೆ ಇಡೀ ಸಾಲು ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳುತ್ತ ನಿರೀಕ್ಷೆಗಿಂತ ಬೇಗ ಹಡಗಿನ ಉಯ್ಯಾಲೆಯ ಬಾಗಿಲು ಸೇರಿತು. "ಅಮ್ಮಾ, ಸ್ವಲ್ಪ ದೂರ ನಿಂತ್ಕೋ" ಎಂದು ನನ್ನ ಹೆಂಡತಿ ಪಿಸುಗುಟ್ಟಿದಾಗ ಅತ್ತೆಯವರು, "ಯಾಕೆ, ಅವರಿಗೇನಾದ್ರೂ ಅಂಟುಜಾಡ್ಯ ಇದೆಯಾ?" ಎಂದು ಕಾಳಜಿಯಿಂದಲೇ ಕೇಳಿದರು.

ಆಮೇಲೆ ಬಾಯಾರಿಕೆಯಾಯಿತು. ತಮ್ಮ ತಿಂಡಿಯಂಗಡಿಯಲ್ಲಿ ಫ್ರಿಜ್ಜಿನ ಬಾಗಿಲು ನಾನೇ ತೆರೆದೆ, ನೀರಿನ ಬಾಟಲಿ ನಾನೇ ಎತ್ತಿಕೊಂಡೆ, ಅದರ ಬೆಲೆಚೀಟಿಯನ್ನೂ ಹಣ ಪಡೆಯುವ ಯಂತ್ರಕ್ಕೆ ನಾನೇ ತೋರಿಸಿದೆ. ಕೂಡಲೇ ಯಂತ್ರವು ತನ್ನ ಸೇವೆಗಾಗಿ ಎಷ್ಟು ಟಿಪ್ಸ್ ಕೊಡಲು ಮನಸ್ಸಿದೆಯೆಂದು ಕೇಳಿತು. ಕಡಿಮೆ, ಹೆಚ್ಚು, ಇನ್ನೂ ಹೆಚ್ಚು ಎಂಬ ಮೂರು ಗುಂಡಿಗಳು ಪೂರಿಯಂತೆ ಉಬ್ಬಿ ನಿಂತಿದ್ದವು. 'ಬೇಡ' ಎಂಬುದೂ ಇತ್ತು, ಇಲ್ಲವೆನ್ನಲಾರೆ. ಆದರೆ ನನ್ನ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ತೂಗುಹಾಕಿದ ಪಟದ ಕಟ್ಟಕಡೆಯ ಸಾಲಿಗಿಂತಲೂ ಅದರ ಅಕ್ಷರ ಸಣ್ಣದು. ಅದನ್ನು ಓದಬಲ್ಲವರಿಗೆ ನಾನು ಕನ್ನಡಕ ಮಾರುವುದೇ ಇಲ್ಲ. ನಾನು ಬಗ್ಗಿ ಅದನ್ನು ಹುಡುಕುತ್ತಿದ್ದಂತೆ ಹಿಂದಿನವರು ಬಹಳ ಸೌಜನ್ಯದಿಂದ ನಿಟ್ಟುಸಿರು ಬಿಟ್ಟರು. "ರೀ, ಯಾವುದಾದ್ರೂ ಒಂದು ಒತ್ತಿ ಬನ್ನಿ, ಮಾನ ಹೋಗ್ತಿದೆ" ಎಂದಳು ಹೆಂಡತಿ. ಒತ್ತಿದೆ. ಯಂತ್ರ ನನಗೆ ಧನ್ಯವಾದ ಹೇಳಿತು. ನನ್ನ ನೀರನ್ನು ನಾನೇ ಕುಡಿಯಲು ಅದು ಅನುಮತಿ ಕೊಟ್ಟದ್ದಕ್ಕೆ ನಾನೂ ಧನ್ಯವಾದ ಹೇಳಿದೆ.

ಇದೆಲ್ಲ ದೂರಲ್ಲ, ಪೀಠಿಕೆ. ದೂರು ಶುರುವಾಗುವುದು ಸಂಜೆಯ ಮೆರವಣಿಗೆಯಿಂದ.

ಬೆಳಗ್ಗೆಯಿಂದ ತೊಟ್ಟಿಲಿನಷ್ಟು ಜಾಗ ಬಿಟ್ಟು ನಿಂತಿದ್ದ ಅದೇ ಜನ, ಬ್ಯಾಂಡಿನ ಸದ್ದು ಕೇಳಿದ್ದೇ ತಡ, ಬೇಲಿಯ ಕಡೆಗೆ ನುಗ್ಗಿದರು. ಎಲ್ಲರ ಕೈಯೂ ಮೇಲೆ, ಎಲ್ಲರ ಕೈಯಲ್ಲೂ ಫೋನು. ನೂಕುನುಗ್ಗಲಿನಲ್ಲಿ ಅತ್ತೆಯವರ ಕೈ ನನ್ನ ಕೈಯಿಂದ ಕಳಚಿಹೋಯಿತು. ಹಿಂದಿರುಗಿ ನೋಡಿದರೆ ಅವರು ಇರಲಿಲ್ಲ. ಮಗಳು "ಅಜ್ಜೀ!" ಎಂದು ಕಿರುಚಿದ್ದು ತುತ್ತೂರಿಗಳ ನಡುವೆ ನನಗೇ ಸರಿಯಾಗಿ ಕೇಳಲಿಲ್ಲ. ಮಾನ್ಯರೇ, ಈ ಪತ್ರದಲ್ಲಿ ನಾನು ತಮಾಷೆ ಮಾಡದೆ ಬರೆಯುವ ವಾಕ್ಯ ಇದೊಂದೇ: ಆ ಹೊತ್ತು ನನಗೆ ಕೈಕಾಲು ಆಡಲಿಲ್ಲ.

ಅವರು ಕೆಳಗೆ ಬಿದ್ದಿದ್ದರು. ಬಿದ್ದೊಡನೆ ತಮ್ಮ ಜನರಿಗೆ ಶಿಷ್ಟಾಚಾರ ಮರಳಿ ನೆನಪಾಯಿತು. ಸುತ್ತ ಚೆನ್ನಾಗಿ ಜಾಗ ಬಿಟ್ಟರು. "ಕ್ಷಮಿಸಿ" ಎಂದರು. ಅಪರಿಚಿತರನ್ನು ಮುಟ್ಟಬಾರದೆಂಬ ಸಭ್ಯತೆಯಿಂದ ಒಬ್ಬರೂ ಮುಟ್ಟಲಿಲ್ಲ. ಕೆಲವರು ಮಾತ್ರ ಫೋನನ್ನು ಮೆರವಣಿಗೆಯಿಂದ ಇವರ ಕಡೆಗೆ ತಿರುಗಿಸಿದರು. ಆಗ ಜನರ ತಲೆಗಳ ಮೇಲೆ ಎರಡು ಉದ್ದನೆಯ ಕಿವಿಗಳು ಓಲಾಡುತ್ತ ಬಂದವು. ಮೆರವಣಿಗೆಯಲ್ಲಿ ಕುಣಿಯುತ್ತಿದ್ದ ತಮ್ಮ ವೇಷದ ಮೊಲ, ಬೇಲಿ ದಾಟಿ, ಹೊಟ್ಟೆಯಿಂದಲೇ ಜನರನ್ನು ಸರಿಸುತ್ತ ಬಂದು, ಅತ್ತೆಯವರ ಪಕ್ಕ ಮೊಣಕಾಲೂರಿತು.

ವೇಷ ತೊಟ್ಟವರಿಗೆ ಮೊಲದ ಬಾಯೊಳಗಿನ ಜಾಲರಿಯಿಂದ ಮುಂದಿನದಷ್ಟೇ ಕಾಣುತ್ತದೆ, ಕೆಳಗಿನದು ಕಾಣುವುದಿಲ್ಲವೆಂದು ದೃಷ್ಟಿಯ ವ್ಯಾಪಾರಿಯಾದ ನಾನು ಆಣೆ ಮಾಡಿ ಹೇಳಬಲ್ಲೆ. ಅದಕ್ಕಾಗಿ ಮೊಲ ತನ್ನ ತಲೆಯನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡಿತು. ಒಳಗಿದ್ದವಳು ನನ್ನ ಮಗಳ ವಯಸ್ಸಿನ ಹುಡುಗಿ. ಬೆವರಿಗೆ ಕೂದಲೆಲ್ಲ ಹಣೆಗೆ ಅಂಟಿತ್ತು. ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಅತ್ತೆಯವರು ತಮ್ಮ ಭಾಷೆಯಲ್ಲಿ "ಮೊಣಕಾಲು ಅಷ್ಟೇ ಕಣಮ್ಮ, ಸೊಂಟ ಸರಿ ಇದೆ" ಎಂದರು, ಮತ್ತು ಇಬ್ಬರಿಗೂ ಪೂರ್ತಿ ಅರ್ಥವಾಯಿತು. ಅತ್ತೆಯವರನ್ನು ಎತ್ತಿ ನೆರಳಿನ ಬೆಂಚಿನ ಮೇಲೆ ಕೂರಿಸಿದಳು. ಅತ್ತೆಯವರು ಪರ್ಸಿನಿಂದ ಒಂದು ನೋಟು ತೆಗೆದು ಅವಳ ಮೆತ್ತನೆಯ ಪಂಜಕ್ಕೆ ತುರುಕಿದರು.

ಆಗಲೇ ತಮ್ಮ ಮೇಲ್ವಿಚಾರಕರು ಪ್ರತ್ಯಕ್ಷರಾದರು. ಬಿದ್ದವರನ್ನು ಎತ್ತಲು ಬಾರದ ಅವರು ಎತ್ತಿದವಳನ್ನು ಕರೆದುಕೊಂಡು ಹೋಗಲು ಎಷ್ಟು ಚುರುಕಾಗಿ ಬಂದರೆಂದು ನಾನು ವಿಶೇಷವಾಗಿ ಶ್ಲಾಘಿಸುತ್ತೇನೆ. ಮಕ್ಕಳ ಎದುರು ತಲೆ ತೆಗೆದದ್ದು ಒಂದು ಅಪರಾಧ, ಟಿಪ್ಸ್ ಪಡೆದದ್ದು ಇನ್ನೊಂದು. ಮೊಲದ ತಲೆ ಹೋಯಿತೆಂದು ಒಂದು ಮಗು ಅತ್ತಿತಂತೆ; ಅದರ ತಾಯಿ ದೂರು ಕೊಟ್ಟರಂತೆ.

ಅತ್ತೆಯವರು ಕುಂಟುತ್ತಲೇ ಅತಿಥಿ ಸಂತೋಷ ವಿಭಾಗದ ಕಚೇರಿಗೆ ನಡೆದರು. ಅಲ್ಲಿ ಹಳದಿ ಗೋಡೆ, ಹಳದಿ ಕುರ್ಚಿ, ಕೋಟಿಗೆ ನಗುಮುಖದ ಬಿಲ್ಲೆ ಚುಚ್ಚಿಕೊಂಡ ನಗದ ಅಧಿಕಾರಿ. ಮಗಳು ತರ್ಜುಮೆಗೆ ನಿಂತಳು. "ಅವಳು ಕೇಳ್ಲಿಲ್ಲ, ನಾನೇ ತುರುಕಿದ್ದು. ಆ ಪಂಜಕ್ಕೆ ಬೆರಳೇ ಇಲ್ಲ, ಬೇಡ ಅಂತ ವಾಪಸ್ ಕೊಡೋದಾದ್ರೂ ಹೇಗೆ? ನೀವು ಹಾಕ್ಕೊಂಡು ಒಂದು ನೋಟು ಹಿಡಿದು ತೋರಿಸಿ" ಎಂದು ಅತ್ತೆಯವರು ಕೇಳಿದರು. ಕೊನೆಯ ವಾಕ್ಯವನ್ನು ಮಗಳು ಅನುವಾದಿಸಲಿಲ್ಲ. ಅಧಿಕಾರಿಗಳು ತುಂಬ ಮರ್ಯಾದೆಯಿಂದ, ನಮ್ಮ ಮೆಚ್ಚುಗೆ ಅವರಿಗೆ ಸಂತೋಷ ತಂದಿದೆಯೆಂದೂ, ಆದರೆ ವಿಚಾರಣೆಗೆ ದೂರು ಮಾತ್ರ ಪರಿಗಣನೆಗೆ ಬರುತ್ತದೆಂದೂ ತಿಳಿಸಿ ಬಾಗಿಲವರೆಗೂ ಬಂದು ಬೀಳ್ಕೊಟ್ಟರು.

ಮರುದಿನ ಪಾರ್ಕಿನಲ್ಲಿ ಮೊಲವಿತ್ತು. ಅತ್ತೆಯವರು ಹತ್ತಿರ ಹೋಗಿ ಅದರ ಹೊಟ್ಟೆ ಒತ್ತಿ ನೋಡಿ, "ಇದು ಅವಳಲ್ಲ, ಇದು ಗಂಡಸು" ಎಂದು ಘೋಷಿಸಿದರು. ಉಯ್ಯಾಲೆ ಬೇಡವೆಂದರು, ಊಟ ಬೇಡವೆಂದರು, ಹುಡುಗಿಯನ್ನು ತೋರಿಸಿ ಎಂದರು. ಹುಡುಕಿ ಹುಡುಕಿ ಕೊನೆಗೆ ಅವಳು ಕಾರು ನಿಲ್ಲಿಸುವ ಬಯಲಿನಲ್ಲಿ ಸಿಕ್ಕಳು. ಕೈಯಲ್ಲೊಂದು ಬಾವುಟ ಹಿಡಿದು ಕಾರುಗಳಿಗೆ ದಾರಿ ತೋರಿಸುತ್ತಿದ್ದಳು. ವಿಚಾರಣೆ ಮುಗಿಯುವವರೆಗೆ ಅವಳಿಗೆ ಅಲ್ಲೇ ಕೆಲಸ. ಆಮೇಲೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಅತ್ತೆಯವರು ನನ್ನ ಮಗಳ ಮೂಲಕ ಕ್ಷಮೆ ಕೇಳಿದರು. ಅವಳು ನಕ್ಕು, "ಇಲ್ಲಿ ಗಾಳಿಯಾದ್ರೂ ಬರುತ್ತೆ ಅಜ್ಜಿ. ಆದ್ರೆ ಇಲ್ಲಿ ಮಕ್ಕಳು ಓಡಿ ಬಂದು ತಬ್ಬಿಕೊಳ್ಳಲ್ಲ" ಎಂದಳಂತೆ.

ಅತ್ತೆಯವರು ಪರ್ಸಿಗೆ ಕೈ ಹಾಕಲಿಲ್ಲ. ದಾರಿಯ ನಟ್ಟನಡುವೆ ಅವಳನ್ನು ತಬ್ಬಿಕೊಂಡರು, ಬಿಡಲಿಲ್ಲ. ಹಿಂದೆ ಕಾರುಗಳು ಸಾಲುಗಟ್ಟಿದವು. ತಮ್ಮ ಶಾಂತ ದೇಶದಲ್ಲಿ ನಾನು ಮೊದಲ ಬಾರಿಗೆ ಹಾರ್ನ್ ಕೇಳಿದ್ದು ಆಗ. ನನ್ನ ಮಗಳು ಬಾವುಟ ತೆಗೆದುಕೊಂಡು, ನಾಚಿಕೆ ಪಟ್ಟುಕೊಳ್ಳದೆ, ಕಾರುಗಳನ್ನು ನಿಲ್ಲಿಸಿ ಹಿಡಿದಳು.

ಆದ್ದರಿಂದ, ಮಾನ್ಯರೇ, ನನ್ನ ದೂರನ್ನು ಸ್ವೀಕರಿಸಬೇಕು. ನನ್ನ ದೂರು ಆ ಹುಡುಗಿಯ ಮೇಲೆಯೇ. ಅವಳು ನಿಯಮ ಓದಿಕೊಂಡು ನಿಲ್ಲಲಿಲ್ಲ, ಫೋನು ತೆಗೆಯಲಿಲ್ಲ, ಜಾಗ ಬಿಡಲಿಲ್ಲ. ಇಂಥ ಅಶಿಸ್ತಿಗೆ ತಕ್ಕ ಶಿಕ್ಷೆಯೆಂದರೆ ಮೊಲದ ತಲೆಯನ್ನು ಅವಳಿಗೇ ವಾಪಸ್ ಕೊಟ್ಟು, ಬೆಳಗಿನಿಂದ ಸಂಜೆಯವರೆಗೂ ಮಕ್ಕಳಿಂದ ತಬ್ಬಿಸುವುದು. ನೀರು ಮಾರುವ ಯಂತ್ರವನ್ನು ವಿಚಾರಣೆಯ ಸಮಿತಿಗೆ ಸದಸ್ಯನನ್ನಾಗಿ ನೇಮಿಸಿಕೊಂಡರೂ ನನ್ನ ಆಕ್ಷೇಪವಿಲ್ಲ. ಟಿಪ್ಸ್ ಪಡೆಯುವ ವಿಷಯದಲ್ಲಿ ತಮ್ಮಲ್ಲಿ ಅದಕ್ಕಿಂತ ಅನುಭವಿಗಳು ಯಾರಿದ್ದಾರೆ?

ತಮ್ಮ ಸಂತೋಷವನ್ನು ಕೆಡಿಸುವ ವಿಶ್ವಾಸವಿಟ್ಟುಕೊಂಡಿರುವ,
ಕನ್ನಡಕದ ಅಂಗಡಿಯವನು

ತಾ.ಕ.: ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡು, "ಇಷ್ಟುದ್ದ ಯಾಕೆ ಅಳಿಯಂದ್ರೇ? ಆ ಮುಖ್ಯಸ್ಥರಿಗೆ ಒಂದು ಸಂಜೆ ಮೆರವಣಿಗೆ ಮಧ್ಯೆ ಕೆಳಗೆ ಬಿದ್ದು ನೋಡೋಕೆ ಹೇಳಿ, ಸಾಕು" ಎಂದರು. ಹೇಳಿದ್ದೇನೆ.