ವನಜಳ ಹಾಡಿಗೊಂದು ಮಡಕೆ

ಕೆಲವರಿಗೆ ಸಂಗೀತ ಕೇಳುವ ಕಿವಿ ಇರುತ್ತದೆ. ನನಗಿರುವುದು ಕರಕರ ಕೇಳುವ ಕಿವಿ. ಎಂಥ ವಿದ್ವಾಂಸರ ಕಛೇರಿ ರೇಡಿಯೋದಲ್ಲಿ ಬರುತ್ತಿದ್ದರೂ ಪಲ್ಲವಿ ಮುಗಿಯುವುದರೊಳಗೆ ನಾನು ಎದ್ದು ಪೆಟ್ಟಿಗೆಯ ಹಿಂದೆ ಕೈ ಹಾಕಿ ತಂತಿ ಅಲ್ಲಾಡಿಸುತ್ತಿರುತ್ತೇನೆ. ಇದು ರೋಗವೋ ಹವ್ಯಾಸವೋ ಎಂದು ಹೆಂಡತಿ ವನಜಳನ್ನು ಕೇಳಿದರೆ, "ಎರಡೂ ಅಲ್ಲ, ಚಡಪಡಿಕೆ. ಅನ್ನ ಬಡಿಸಿದ್ರೂ ತಟ್ಟೇನ ಒಂದು ಸುತ್ತು ತಿರುಗಿಸಿಯೇ ಊಟ ಶುರುಮಾಡ್ತೀರಿ" ಎನ್ನುತ್ತಾಳೆ. ತಟ್ಟೆ ತಿರುಗಿಸುವುದು ನಿಜ. ಪಲ್ಯ ಕೈಗೆ ಹತ್ತಿರವಿರಲಿ ಎಂಬುದು ನನ್ನ ವಾದ.

ಆಗಿನ್ನೂ ಐವತ್ತರ ದಶಕ. ನಾವು ರಾಜಾಜಿನಗರಕ್ಕೆ ಹೊಸದಾಗಿ ಬಂದಿದ್ದೆವು. ರಸ್ತೆಗಳಿದ್ದವು, ಅವುಗಳ ಪಕ್ಕದಲ್ಲಿ ಮನೆಗಳು ಇನ್ನೂ ಬರಬೇಕಾಗಿತ್ತು. ನಮ್ಮ ರೇಡಿಯೋ, ವರ್ಗವಾಗಿ ಹೋದ ಮೇಲಧಿಕಾರಿಯೊಬ್ಬರಿಂದ ಅಗ್ಗಕ್ಕೆ ಕೊಂಡದ್ದು. ಅದರಲ್ಲಿ ಯಾರು ಹಾಡಿದರೂ ನೆಗಡಿಯಾದವರಂತೆ ಕೇಳುತ್ತಿತ್ತು. ಹೊಸ ಸೆಟ್ಟು ಗುಮಾಸ್ತನ ಸಂಬಳಕ್ಕೆ ಎಟುಕುವಂಥದ್ದಲ್ಲ. ಹೀಗಿರುವಾಗ ಆಫೀಸಿನ ಗೆಳೆಯನೊಬ್ಬ ಉಪಾಯ ಹೇಳಿಕೊಟ್ಟ: ಹಳೆಯದೊಂದು ದೊಡ್ಡ ಸ್ಪೀಕರು ತಂದು ರೇಡಿಯೋಗೆ ಜೋಡಿಸಿ ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿದರೆ ದನಿ ತುಂಬಿಕೊಂಡು, ಶ್ರೀಮಂತರ ಮನೆಯ ಸೆಟ್ಟಿನ ಹಾಗೆ ಬರುತ್ತದಂತೆ. ಎಷ್ಟೋ ಹೋಟೆಲುಗಳಲ್ಲಿ ಹಾಗೆಯೇ ಮಾಡಿದ್ದರು. ಗುಜರಿಯಲ್ಲಿ ಸ್ಪೀಕರು ಸಿಕ್ಕಿತು. ಮಾಗಡಿ ರಸ್ತೆಯಲ್ಲಿ ಮಡಕೆ ಮಾರುತ್ತಿದ್ದ ಹೆಂಗಸಿನ ಮುಂದೆ ಕೂತು ಒಂದೊಂದೇ ಮಡಕೆ ಬಡಿದು, ಕಿವಿ ಒಳಗಿಟ್ಟು, "ಹೂಂ" ಎಂದು ರಾಗ ಎಳೆದು ನೋಡಿದೆ. ಆಕೆ ನನ್ನ ಕೈಯಿಂದ ಮಡಕೆ ತೆಗೆದುಕೊಂಡು, "ನೀರ್ ತುಂಬಾಕೆ ಇಷ್ಟೆಲ್ಲ ಯಾಕ್ ಸಾಮಿ, ಮನೇಲಿ ಎಲ್ರೂ ಚೆನ್ನಾಗವ್ರಾ?" ಎಂದಳು.

ಅದೇ ವಾರ ವನಜಳಿಗೆ ರೇಡಿಯೋ ಸ್ಟೇಷನ್ನಿನಿಂದ ಕರೆ ಬಂತು. ಹದಿನೈದು ನಿಮಿಷದ ಹಾಡುಗಾರಿಕೆ. ಚಿಕ್ಕಂದಿನಿಂದ ಕಲಿತ ಸಂಗೀತ ಮದುವೆಯಾದ ಮೇಲೆ ಅರಿಶಿನ ಕುಂಕುಮದ ಮಟ್ಟಕ್ಕೆ ಇಳಿದುಹೋಗಿತ್ತು. ಅವಳು ಸಂತೋಷವನ್ನು ತೋರಿಸಿಕೊಳ್ಳಲಿಲ್ಲ, ಆದರೆ ಆ ದಿನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ಆಗೆಲ್ಲ ಸ್ಟೇಷನ್ನಿನಲ್ಲಿ ಹಾಡಿದ್ದು ನೇರವಾಗಿ ಬರುತ್ತಿತ್ತು. ಹೋದದ್ದು ಹೋಯಿತು, ಮತ್ತೆ ಕೇಳುವಂತಿರಲಿಲ್ಲ. "ನೀವು ನನ್ ಜೊತೆ ಬರೋದು ಬೇಡ, ಅಣ್ಣ ಬರ್ತಾನೆ. ನೀವು ಮನೇಲಿ ಕೂತು ಪೂರ್ತಿ ಕೇಳಿ. ಬೇರೆಯವರು ಚೆನ್ನಾಗಿತ್ತು ಅಂತಲೇ ಅಂತಾರೆ. ಹೇಗೆ ಬಂತು ಅಂತ ನಂಗೆ ನಿಮ್ಮಿಂದ ತಿಳೀಬೇಕು" ಎಂದಳು. ಹಾಗೇ ಆಗಲಿ ಎಂದು ಒಪ್ಪಿಕೊಂಡೆ.

ಒಪ್ಪಿಕೊಂಡವನು ಸುಮ್ಮನೆ ಕೂರಬೇಕಿತ್ತು. ನಾನು ಕೊಂಡು ತಂದಿದ್ದ ಮೂರು ಮಡಕೆಗಳಿಗೆ ಕೈ ಹಾಕಿದೆ. ಮೊದಲನೆಯದರಲ್ಲಿ ಹೆಂಗಸರ ದನಿ ಗಂಡಸರದಾಯಿತು. ಎರಡನೆಯದು ಬಿರುಕು ಬಿಟ್ಟಿತು. ಮೂರನೆಯದರ ತಳಕ್ಕೆ ಹತ್ತಿ ಹಾಕಿದೆ, ತೆಗೆದೆ, ಮತ್ತೆ ಅರ್ಧ ಹಾಕಿದೆ. ಒಳಗೆ ವನಜ ಅಭ್ಯಾಸ ಮಾಡುತ್ತಿದ್ದಳು. "ಅದನ್ನ ಬಡಿಯೋದು ನಿಲ್ಲಿಸ್ತೀರಾ? ನನ್ ತಾಳ ನಿಮ್ ಮಡಕೆ ಹಿಂದೆ ಹೋಗ್ತಾ ಇದೆ" ಎಂದು ಕೂಗಿದಳು. ಎಲ್ಲ ನಿನಗಾಗಿಯೇ ಎಂದೆ. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ.

ವನಜ ಅಣ್ಣನ ಜೊತೆ ಹಾಡಲು ಸ್ಟೇಷನ್ನಿಗೆ ಹೋದ ಸಂಜೆ ಪಕ್ಕದ ಮನೆಯ ರಂಗಪ್ಪನವರು ಸಂಸಾರ ಸಮೇತ ಬಂದು ಜಮಖಾನದ ಮೇಲೆ ಕೂತರು. ಈಗ ನಮ್ಮ ಬಡಾವಣೆಯಿರುವ ಜಾಗದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದವರು ಅವರು. ಮಡಕೆಯಿಂದ ವಾರ್ತೆ ಗಂಭೀರವಾಗಿ, ಸ್ಪಷ್ಟವಾಗಿ ಬರುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಈ ಪ್ರಬಂಧ ಬರೆಯುವ ಕೆಲಸವಿರಲಿಲ್ಲ. ಏರಿಯಲ್ ತಂತಿ ಕಟ್ಟಿದ ಬಿದಿರು ಒಂದು ಗೇಣು ಮೇಲಿದ್ದರೆ ಇನ್ನೂ ಚೆನ್ನಾಗಿರುತ್ತದೆ ಎನಿಸಿ ಮಾಳಿಗೆ ಹತ್ತಿದೆ. ಬಿದಿರು ಎತ್ತಿದೆ. ತಂತಿ ಪಟ್ಟನೆ ತುಂಡಾಯಿತು. ಕೆಳಗೆ ಬರೀ ಕರಕರ. ಗಾಬರಿಯಲ್ಲಿ ತುಂಡಾದ ಎರಡು ತುದಿಗಳನ್ನೂ ಎರಡು ಕೈಯಲ್ಲಿ ಹಿಡಿದೆ.

"ಬತ್ತಾ ಐತೆ ಸಾರ್, ಅಂಗೇ ಇರಿ" ಎಂದು ರಂಗಪ್ಪನವರು ಕಿಟಕಿಯಿಂದ ಕೂಗಿದರು. ಗಂಟು ಹಾಕಲು ಒಂದು ಕೈ ಬಿಟ್ಟೆ. "ಕೈ ತೆಗೀಬ್ಯಾಡಿ, ಅಮ್ಮಾವ್ರು ಸುರು ಮಾಡವ್ರೆ." ಹಾಗೆಯೇ ಕೈ ಚಾಚಿ ನಿಂತೆ. ಹೊಲದ ಕಡೆಯಿಂದ ಗಾಳಿ ಬೀಸುತ್ತಿತ್ತು. ಮಡಕೆಯ ಗುಂಯ್ ಎನ್ನುವ ಸದ್ದು ಮಾತ್ರ ಮೇಲೆ ಬರುತ್ತಿತ್ತು. ಅದು ಯಾವ ರಾಗ, ಯಾವ ಪದ, ಒಂದೂ ತಿಳಿಯಲಿಲ್ಲ. "ರಂಗಪ್ಪನವರೇ, ಯಾರಾದರೂ ಬಂದು ಸ್ವಲ್ಪ ಹಿಡ್ಕೊಳ್ಳಿ" ಎಂದು ಬೇಡಿಕೊಂಡೆ. "ತಡೀರಿ ಸಾರ್, ಈ ಹಾಡ್ ಮುಗೀಲಿ" ಎಂದರು. ಆ ಹಾಡು ಮುಗಿದು ಇನ್ನೊಂದು ಶುರುವಾಯಿತು, ಯಾರೂ ಬರಲಿಲ್ಲ. ನನ್ನ ಹೆಂಡತಿಯ ಹಾಡು ನನ್ನ ಮೈಯೊಳಗಿಂದಲೇ ಹಾದು ಊರಿಗೆಲ್ಲ ಕೇಳುತ್ತಿತ್ತು, ನನ್ನೊಬ್ಬನನ್ನು ಬಿಟ್ಟು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಳು ಬಂತು.

ವನಜ ಬಂದು ಚಪ್ಪಲಿ ಬಿಡುವ ಮೊದಲೇ "ಹೇಗಿತ್ತು?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ರಂಗಪ್ಪನವರೇ ಹೊಗಳಿಕೆಯ ಜೊತೆಗೆ ನನ್ನ ಕಥೆಯನ್ನೂ ಹೇಳಿಬಿಟ್ಟರು: "ಸಾರ್ ಪಾಪ ಮಾಳಿಗೆ ಮ್ಯಾಗೇ ನಿಂತಿದ್ರು ಕಣಮ್ಮ, ನಮಗೋಸ್ಕರ." ಅವಳ ಮುಖ ಸಣ್ಣಗಾಯಿತು. ಅವರೆಲ್ಲ ಹೋದರು. ನಾನು ಕ್ಷಮೆ ಕೇಳಿದೆ. ಕೊನೆಗೆ ಅವಳು ಮಡಕೆಯನ್ನು ಪಕ್ಕಕ್ಕೆ ಸರಿಸಿ, ಅದೇ ಜಮಖಾನದ ಮೇಲೆ ಕೂತು, "ಕೇಳಿ" ಎಂದಷ್ಟೇ ಹೇಳಿ ಶುರುಮಾಡಿದಳು.

ಪೆಟ್ಟಿಗೆಯಿಲ್ಲ, ತಂತಿಯಿಲ್ಲ. ಎಷ್ಟು ಚೆನ್ನಾಗಿ ಹಾಡುತ್ತಾಳೆ ಎಂದು ನಿಜಕ್ಕೂ ನನಗೆ ಅಂದೇ ತಿಳಿದದ್ದು. ಕಣ್ಣು ಮುಚ್ಚಿ ಕೇಳಿದೆ. ಅನುಪಲ್ಲವಿಗೆ ಬರುವಾಗ ಯಾಕೋ ಮೇಲಿನ ಸ್ವರ ಎದುರು ಗೋಡೆಗೆ ಬಡಿದು ತುಸು ಒಡೆದಂತೆ ಕೇಳಿತು. ತಡೆದುಕೊಂಡೆ. ಇನ್ನೂ ಸ್ವಲ್ಪ ತಡೆದುಕೊಂಡೆ. ಆಮೇಲೆ ಬಹಳ ಮೃದುವಾಗಿಯೇ ಹೇಳಿದೆ: "ವನಜಾ, ಸ್ವಲ್ಪ ಆ ಮೂಲೆ ಕಡೆ ಸರಿದು ಕೂತ್ಕೋತೀಯಾ?"

ಅವಳು ಹಾಡು ನಿಲ್ಲಿಸಿ ಎದ್ದುಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಶುರುವಾಯಿತು. ಅದನ್ನು ಮಾತ್ರ ಯಾವ ತಿದ್ದುಪಡಿಯನ್ನೂ ಸೂಚಿಸದೆ, ಕೂತ ಜಾಗದಿಂದ ಅಲ್ಲಾಡದೆ, ಪೂರ್ತಿ ಕೇಳಿದೆ.