ಭದ್ರಕಾಳಿ, ಕಾಂದಿವಲಿ ಪೂರ್ವ

ಚನ್ನಬಸಯ್ಯ: ಅಲ್ರೀ ಸೀತಾರಾಮ, ಇಡೀ ಬಿಲ್ಡಿಂಗ್‌ನ್ಯಾಗ ಕಂಪ್ಯೂಟರ್ ಇರೋದು ನಿಮ್ಮ ಮನ್ಯಾಗ ಒಂದ. ಈ ಆಟ ನೀವು ಮಾಡಿಲ್ಲಂದ್ರ ಮತ್ಯಾರು ಮಾಡ್ಯಾರ? ಟೆರೇಸ್ ಮ್ಯಾಲಿನ ನೀರಿನ ಟಾಕಿ ಮಾಡೇತೇನು?

ಸೀತಾರಾಮ: ದೇವರಾಣೆಗೂ ನಾನಲ್ಲ ಸಾರ್. ನಂಗೆ ಆ ಕಂಪ್ಯೂಟರ್ ಆನ್ ಮಾಡೋಕೆ ಬರುತ್ತೆ. ಆಫ್ ಮಾಡೋಕೆ ವಿಮಲಾನ್ನ ಕರೀತೀನಿ.

ಅದು ೧೯೯೧ರ ಒಂದು ಭಾನುವಾರದ ಬೆಳಿಗ್ಗೆ. ಸೊಸೈಟಿಯ ಸೆಕ್ರೆಟರಿ ಚನ್ನಬಸಯ್ಯ ಒಂದು ಕೈಯಲ್ಲಿ ಫ್ಲಾಪಿ, ಇನ್ನೊಂದರಲ್ಲಿ ಮಡಿಸಿದ ಕಾಗದ ಹಿಡಿದು ಮೂರನೇ ಮಾಳಿಗೆಯ ಸೀತಾರಾಮನ ಮನೆಗೆ ನುಗ್ಗಿದ್ದರು. ಅಡಿಗೆಮನೆಯಲ್ಲಿ ಸೀತಾರಾಮನ ಹೆಂಡತಿ ವಿಮಲಾ ಕಾಫಿ ಡಿಕಾಕ್ಷನ್ ಇಳಿಯುವುದನ್ನೇ ನೋಡುತ್ತ ಕಿವಿಗೊಟ್ಟು ನಿಂತಿದ್ದಳು. ಆಟ ಮಾಡಿದವಳು ಅವಳೇ. ಅದು ಗಂಡನಿಗೂ ಗೊತ್ತಿರಲಿಲ್ಲ.

ಸೀತಾರಾಮ: ಆಟದಲ್ಲಿ ಅಂಥದ್ದೇನಿದೆ ಸಾರ್?

ಚನ್ನಬಸಯ್ಯ: ಹೆಸರು 'ಪಾನಿ ಆಯಾ', ನೀರು ಬಂತು ಅಂತ. ಹೆಂಗಸ್ರು ಕೊಡ ಹಿಡಕೊಂಡು ನಳದ ಕಡೆ ಓಡ್ತಾರ. ಹಿಂದ ಒಬ್ಬ ಸೆಕ್ರೆಟರಿ ಬೆನ್ನು ಹತ್ತತಾನ. ಸೊಂಟದಾಗ ಕೀಲಿ ಗೊಂಚಲ, ತಲೀಗೆ ಮಂಕಿ ಟೋಪಿ. ಹಿಡದಾ ಅಂದ್ರ 'ಟೈಮ್ ಆತು, ಬಂದ್!' ಅಂತ ಅಕ್ಷರ ಬರ್ತಾವ.

ಸೀತಾರಾಮ: ಬೊಂಬಾಯಲ್ಲಿ ಸಾವಿರ ಜನ ಸೆಕ್ರೆಟರಿಗಳಿದಾರೆ.

ಚನ್ನಬಸಯ್ಯ: ಅವರಾಗ 'ಆತು' ಅನ್ನಾವ್ರು ಎಷ್ಟು ಮಂದಿ ಅದಾರ?

ಸೀತಾರಾಮನ ನೋಟ ಎದುರಿಗಿದ್ದ ಮಂಕಿ ಟೋಪಿಯ ಮೇಲೆ ಬಿತ್ತು. ಅಲ್ಲಿಂದ ಜಾರಿ ಕೀಲಿ ಗೊಂಚಲಿಗೆ ಇಳಿಯಿತು.

ಚನ್ನಬಸಯ್ಯ: ಹೊಟ್ಟಿ ನೋಡಬ್ಯಾಡ್ರಿ.

ಸೀತಾರಾಮ: ನೋಡಲಿಲ್ಲ ಸಾರ್.

ಚನ್ನಬಸಯ್ಯ: ಆಟದಾಗ ಅದ ಅರ್ಧ ಪರದೆ ತುಂಬೇತಿ! ನಮ್ಮ ಆಫೀಸಿನ್ಯಾಗ ಮಂದಿ ಕೆಲಸ ಬಿಟ್ಟು ಅದನ್ನ ಆಡಾಕತ್ತಾರ. ಮ್ಯಾನೇಜರ್ ನನ್ನ ಕಂಡ್ರ ಕೊಡ ಬಚ್ಚಿಟ್ಟಂಗ ಮಾಡ್ತಾನ. ಮಾಡಿದಾವ ತನ್ನ ಹೆಸರು ಹಾಕೂ ಧೈರ್ಯ ಇಲ್ದ 'ಭದ್ರಕಾಳಿ, ಕಾಂದಿವಲಿ ಪೂರ್ವ' ಅಂತ ಬರದಾನ.

ಸೀತಾರಾಮ: ಭದ್ರಕಾಳಿನಾ? ಅದು ಗುಡಿ ಇರಬೇಕು ಸಾರ್. ಸ್ಟೇಷನ್ ಹಿಂದೆ.

ಚನ್ನಬಸಯ್ಯ: ಗುಡಿಯಾವ್ರು ಫ್ಲಾಪಿ ಹಂಚ್ತಾರೇನ್ರೀ? ಮೊದಲ ಬೋರ್ಡ್ ಮ್ಯಾಲ ಹಾಕ್ಯಾರ. ಅಲ್ಲಿಂದ ಊರೆಲ್ಲಾ ಹಬ್ಬೇತಿ.

ಸೀತಾರಾಮ: ಬೋರ್ಡ್ ಮೇಲಾ? ನಮ್ಮ ನೋಟಿಸ್ ಬೋರ್ಡಿಗೆ ನೀವೇ ಬೀಗ ಹಾಕಿರ್ತೀರಲ್ಲ!

ಚನ್ನಬಸಯ್ಯ: ಆ ಬೋರ್ಡ್ ಅಲ್ರೀ! ಸಾಂತಾಕ್ರೂಜ್‌ನ್ಯಾಗ ಒಬ್ಬಾವ ಮನಿ ಫೋನಿಗೆ ಕಂಪ್ಯೂಟರ್ ಕಟ್ಟಿ ಕುಂತಾನ. ಕಂಪ್ಯೂಟರ್ ಇದ್ದಾವ್ರು ಆ ನಂಬರಿಗೆ ಫೋನ್ ಹಚ್ಚಿ ಒಳಗ ಹೋಗ್ತಾರ. ಕಾಗದ ಬರೀತಾರ, ಆಟ ಇಡ್ತಾರ, ಇನ್ನೊಬ್ಬರದು ತಗೋತಾರ. ಎಲ್ಲಾರ್ದೂ ಕಳ್ಳ ಹೆಸರ. ಒಬ್ಬಾವ ಗರುಡ, ಒಬ್ಬಾವ ಮಿಸ್ಟರ್ ಎಕ್ಸ್. ಈಗ ಹೇಳ್ರಿ, ನಿಮ್ಮ ಫೋನ್ ದಿನಾ ಮುಂಜಾನೆ ಒಂದು ತಾಸು ಎಂಗೇಜ್ ಯಾಕಿರ್ತದ?

ಸೀತಾರಾಮ: ವಿಮಲಾ ಮಾಟುಂಗಾದ ಅವಳ ಅಕ್ಕನ ಹತ್ರ ಮಾತಾಡ್ತಾಳೆ.

ಚನ್ನಬಸಯ್ಯ: ಹೋದ ತಿಂಗಳ ಕ್ರಾಸ್ ಕನೆಕ್ಷನ್ ಆಗಿ ನಿಮ್ಮ ಲೈನ್ ನನಗ ಸಿಕ್ಕಿತ್ತು. ಮನಷಾರ ದನೀನ ಇರಲಿಲ್ಲ. ಕೀಂ ಕರ್‌ರ್ ಅಂತ ಏನೋ ಕಿರಚಾಕತ್ತಿತ್ತು.

ಸೀತಾರಾಮ: ಹಾಗಾದ್ರೆ ಅನುಮಾನವೇ ಇಲ್ಲ, ಅವಳ ಅಕ್ಕನೇ.

ವಿಮಲಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಶಾಲೆಗೆ ಕಂಪ್ಯೂಟರ್ ಬಂದಾಗ ಕಲಿಯಲು ಕಳಿಸಿದ್ದು ಅವಳನ್ನು. ಗಂಡ ತನ್ನ ಆಫೀಸಿನಿಂದ ಹಳತೊಂದನ್ನು ತಂದು, ಕ್ರೋಷಾ ಹೊದಿಕೆ ಹೊದಿಸಿ, ಅದರ ಮೇಲೆ ಗಣಪತಿ ಇಟ್ಟಿದ್ದ. ಅವನು ಎಂಟು ಐದರ ಲೋಕಲ್ ಹಿಡಿದ ಮೇಲೆ ಗಣಪತಿಯನ್ನು ಕೆಳಗಿಳಿಸಿ, ಮಧ್ಯಾಹ್ನ ಶಾಲೆಗೆ ಹೊರಡುವವರೆಗೆ ವಿಮಲಾ ಆರು ತಿಂಗಳು ಕೂತು ಆ ಆಟ ಕಟ್ಟಿದ್ದಳು. ಫೋನಿನ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಬೋರ್ಡಿಗೆ ಮೊದಲು ಸ್ವಂತ ಹೆಸರಿನಲ್ಲೇ ಹೋಗಿದ್ದಳು. ಮೂರು ದಿನದಲ್ಲಿ ಹನ್ನೊಂದು ಉತ್ತರ ಬಂದವು. ಒಂದರಲ್ಲೂ ಆಟದ ಮಾತಿರಲಿಲ್ಲ. ವಯಸ್ಸೆಷ್ಟು, ಬರೆದುಕೊಟ್ಟವರು ಯಾರು ಎಂಬ ವಿಚಾರಣೆಯೇ ಎಲ್ಲ. ನಾಲ್ಕನೇ ದಿನ ಭದ್ರಕಾಳಿಯಾಗಿ ಹೋದಳು. ಅವತ್ತಿನಿಂದ ಎಲ್ಲರೂ 'ಸಾರ್' ಅಂದರು. ಕಾಳಿಯ ಹೆಸರಿಟ್ಟುಕೊಂಡರೂ ಅವರ ಲೆಕ್ಕದಲ್ಲಿ ಗಂಡಸೇ!

ಚನ್ನಬಸಯ್ಯ: ಇನ್ನ ಕೇಳ್ರಿ. ಈ ಭದ್ರಕಾಳಿಗೆ ಸನ್ಮಾನ ಬ್ಯಾರೆ! ನಮ್ಮ ಆಫೀಸಿನ ಹುಡುಗಿ ಬೋರ್ಡ್‌ನ್ಯಾಗಿಂದ ಇದನ್ನ ಛಾಪಿಸಿ ಕೊಟ್ಲು.

ಅವರು ಕಾಗದ ಬಿಡಿಸಿ, ತೋಳಿನುದ್ದ ದೂರ ಹಿಡಿದು ಓದಿದರು. ಇವತ್ತು ಸಂಜೆ ನಾಲ್ಕಕ್ಕೆ ಸಾಂತಾಕ್ರೂಜ್ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಬೋರ್ಡಿನವರೆಲ್ಲ ಸೇರುತ್ತಾರೆ. ಭದ್ರಕಾಳಿ ಬರಲೇಬೇಕು. ಪವಾಯಿಯ ದೊಡ್ಡ ಇಂಜಿನಿಯರಿಂಗ್ ಕಾಲೇಜಿನಿಂದ ಒಬ್ಬ ಪ್ರೊಫೆಸರು ಅವರನ್ನು ನೋಡಲೆಂದೇ ಬರುತ್ತಿದ್ದಾರೆ. ಇಷ್ಟು ಚಿಕ್ಕ ಮಷೀನಿನಲ್ಲಿ ಇಷ್ಟು ದೊಡ್ಡ ಆಟ ಹೇಗೆ ಹಿಡಿಸಿದಿರಿ ಎಂದು ಅವರಿಗೆ ತಿಳಿಯಬೇಕಂತೆ.

ವಿಮಲಾಳ ಕೈಯಲ್ಲಿದ್ದ ಲೋಟ ಕಟ್ಟೆಗೆ ತಾಗಿ ಠಣ್ಣೆಂದಿತು. ನಾಲ್ಕು ದಿನದಿಂದ ಅವರ ಫೋನು ಸತ್ತಿತ್ತು. ಈ ಸುದ್ದಿ ಅವಳಿಗೆ ಈಗಲೇ ತಿಳಿದದ್ದು, ಅದೂ ಈ ಬಾಯಿಂದ. ಅತ್ತ ಸೀತಾರಾಮನೂ ನೆಟ್ಟಗೆ ಕೂತ.

ಸೀತಾರಾಮ: ಪ್ರೊಫೆಸರೇ ಬರ್ತಾರಾ?

ಚನ್ನಬಸಯ್ಯ: ಬರ್ತಾರಂತ.

ಸೀತಾರಾಮ: ಸಾರ್, ನಿಮ್ಮ ಹತ್ರ ಮುಚ್ಚಿಟ್ಟು ಏನು ಪ್ರಯೋಜನ? ಒಂದು ಲೆಕ್ಕದಲ್ಲಿ ಭದ್ರಕಾಳಿ ಅಂದ್ರೆ... ನಾನೇ.

ಚನ್ನಬಸಯ್ಯ: ಈಗ ದೇವರಾಣೆ ಮಾಡಿದ್ರಿ!

ಸೀತಾರಾಮ: ಯಾವ ದೇವರು ಅಂತ ಹೇಳಲಿಲ್ಲವಲ್ಲ.

ಚನ್ನಬಸಯ್ಯ ಕಣ್ಣು ಸಣ್ಣದು ಮಾಡಿ ನೋಡಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದರು.

ಚನ್ನಬಸಯ್ಯ: ಹಂಗಾರ ಒಂದು ಹೇಳ್ರಿ. ಮೂರನೇ ಮಾಳಿಗಿ ದಾಟೂದು ಹೆಂಗ?

ಸೀತಾರಾಮ: ಯಾರು ದಾಟಬೇಕು?

ಚನ್ನಬಸಯ್ಯ: ಆಟದಾಗ್ರೀ! ಎಂಟು ದಿನ ಆತು, ಊಟದ ಟೈಮಿನ್ಯಾಗ ನಾನೂ ಆಡಾಕತ್ತೇನಿ. ಪ್ರತೀ ಸಲ ಮೂರನೇ ಮಾಳಿಗಿ ಮೆಟ್ಟಲದಾಗ ಕಾಲು ಜಾರಿ ಬೀಳ್ತೇನಿ. ಆ ಸೆಕ್ರೆಟರಿ ಬಂದು ನನ್ನ ಹಿಡೀತಾನ.

ಸೀತಾರಾಮ: ಯಾರು ಯಾರನ್ನ ಹಿಡೀತಾರೆ?

ಚನ್ನಬಸಯ್ಯ: ನಾನ ನನ್ನ ಹಿಡೀತೇನಿ! ದಾಟೂದು ಹೆಂಗ, ಅದನ್ನ ಹೇಳ್ರಿ.

ಸೀತಾರಾಮ: ಅದು ದಾಟೋಕಾಗಲ್ಲ ಸಾರ್. ಅಲ್ಲೊಂದು ತಪ್ಪು ಉಳಿದುಬಿಟ್ಟಿದೆ. ಅವಸರದಲ್ಲಿ ಬರೆದದ್ದಲ್ವಾ, ಆ ಭಾಗ ಸ್ವಲ್ಪ ಕಳಪೆ.

ಅಲ್ಲಿಯವರೆಗೂ ವಿಮಲಾ ತಡೆದುಕೊಂಡಿದ್ದಳು. ಗಂಡ ಭದ್ರಕಾಳಿಯ ಹೆಸರು ಹೊಡೆದುಕೊಂಡಾಗಲೂ ಹಲ್ಲು ಕಚ್ಚಿ ನಿಂತಿದ್ದಳು. ಆದರೆ 'ಕಳಪೆ' ಎಂಬ ಮಾತು ಕಿವಿಗೆ ಬಿದ್ದದ್ದೇ, ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಹೊರಗೆ ಬಂದಳು.

ವಿಮಲಾ: ತಪ್ಪಾ? ಏನ್ರೀ ತಪ್ಪು? ಹತ್ತೊಂಬತ್ತು ಸಲ ಬರೆದು ಹತ್ತೊಂಬತ್ತು ಸಲ ಅಳಿಸಿದೀನಿ ಆ ಮೆಟ್ಲನ್ನ! ಎರಡೂ ಕೈಯಲ್ಲಿ ಕೊಡ ಹಿಡ್ಕೊಂಡು ಓಡಿದ್ರೆ ಯಾರಾದ್ರೂ ಜಾರ್ತಾರೆ. ಒಂದನ್ನ ಕೆಳಗಿಡಬೇಕು, ಒಂದನ್ನ ಮೇಲೆ ಸಾಗಿಸಿ ಮತ್ತೆ ಇಳಿದು ಬರಬೇಕು!

ಪಕ್ಕದ ಮನೆಯ ರೇಡಿಯೋದಲ್ಲಿ ಮರಾಠಿ ವಾರ್ತೆ ಕೇಳಿಸಿತು.

ಚನ್ನಬಸಯ್ಯ: ವೈನಿ... ನೀವಾ?

ಸೀತಾರಾಮ: ನೀನಾ? ಹಾಗಾದ್ರೆ ನಿಮ್ಮಕ್ಕ?

ವಿಮಲಾ: ಅಕ್ಕನ ಹತ್ರ ಮಾತಾಡಿ ನಾಲ್ಕು ತಿಂಗಳಾಯ್ತು. ಅವಳಿಗೂ ಸಿಟ್ಟು ಬಂದಿದೆ.

ಚನ್ನಬಸಯ್ಯ: ನನ್ನ ಮ್ಯಾಲ ನಿಮಗ ಇಂಥಾ ಸಿಟ್ಟು ಯಾಕ್ರೀ ವೈನಿ? ಬಾಯಿಬಿಟ್ಟು ಹೇಳಬೇಕಿತ್ತು.

ವಿಮಲಾ: ಆರು ಗಂಟೆಗೆ ನೀರು ಬಿಡ್ತೀರಿ. ಮೂರನೇ ಮಾಳಿಗೆಗೆ ಹತ್ತೋದು ಆರೂವರೆಗೆ. ಆರು ನಲವತ್ತಕ್ಕೆ ಬಂದ್! ಮೂರು ಅರ್ಜಿ ಕೊಟ್ಟೆ, ಕೆಳಗೆ ನನ್ನ ಹೆಸರು, ಫ್ಲ್ಯಾಟ್ ನಂಬರು ಎಲ್ಲ ಬರೆದು.

ಚನ್ನಬಸಯ್ಯ: ಅರ್ಜಿ ಯಾರು ಓದ್ತಾರ್ರೀ?

ವಿಮಲಾ: ಅದಕ್ಕೇ ಓದೋ ಹಾಗೆ ಬರೆದೆ. ಹೆಸರು ಹಾಕಿದ್ದು ನಿಮ್ಮ ಫೈಲಿನಲ್ಲೇ ಕೊಳೀತು. ಹೆಸರು ಹಾಕದ್ದು ಬೊಂಬಾಯೆಲ್ಲ ಸುತ್ತಿ ನಿಮ್ಮ ಆಫೀಸಿಗೇ ಬಂತು ನೋಡಿ.

ಚನ್ನಬಸಯ್ಯ ಟೀಪಾಯಿಯ ಮೇಲೆ ಅರ್ಧ ಉಳಿದಿದ್ದ ಕಾಫಿ ಎತ್ತಿ ಕುಡಿದರು. ಅದು ಸೀತಾರಾಮನ ಲೋಟ.

ಚನ್ನಬಸಯ್ಯ: ಆಗಿದ್ದು ಆತು. ಆ ಹೊಟ್ಟಿ ಒಂಚೂರು ಕಮ್ಮಿ ಮಾಡ್ರಿ ವೈನಿ.

ವಿಮಲಾ: ಆರು ಐವತ್ತರವರೆಗೆ ನೀರು ಬಿಡಿ.

ಚನ್ನಬಸಯ್ಯ: ಬಿಟ್ರ, ಹೊಟ್ಟಿ ಎಷ್ಟು ಕಮ್ಮಿ ಆಗತದ?

ವಿಮಲಾ: ಹತ್ತು ನಿಮಿಷದಷ್ಟು.

ಚನ್ನಬಸಯ್ಯ: ಏಳೂ ಕಾಲತನಾ ಬಿಡ್ತೇನಿ. ಹೊಟ್ಟೀನ ತೆಗದಬಿಡ್ರಿ!

ಇನ್ನುಳಿದದ್ದು ಸಂಜೆಯ ಪ್ರಶ್ನೆ. ವಿಮಲಾ ಕುರ್ಚಿಯ ಅಂಚಿನಲ್ಲಿ ಕೂತಳು. ಸಿಟ್ಟು ಇಳಿದಿತ್ತು, ಅದರ ಜಾಗದಲ್ಲಿ ಅಳುಕು ಹತ್ತಿತ್ತು.

ವಿಮಲಾ: ನಾನು ಹೋಗಲ್ಲ. ಅವರೆಲ್ಲ ಗಂಡಸನ್ನ ಕಾಯ್ತಾ ಕೂತಿರ್ತಾರೆ. ನಾನು ಅಂದ್ರೆ ನಂಬಲ್ಲ. ಹೆಡ್ಮಿಸ್ಟ್ರೆಸ್‌ಗೆ ಗೊತ್ತಾದ್ರೆ ಅದೊಂದು ಬೇರೆ.

ಸೀತಾರಾಮ: ಅದಕ್ಕೇ ನಾನಿದೀನಲ್ಲ! ನಾನು ಮುಂದೆ ಕೂತು ತಲೆ ಆಡಿಸ್ತೀನಿ. ನೀನು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿಕೊಡು.

ಚನ್ನಬಸಯ್ಯ: ಏ ಸೀತಾರಾಮ, ಬಾಯಿ ಮುಚ್ರಿ! ನನ್ನ ಮಾನ ಹೋಗೇತಿ, ನಿಮ್ದಲ್ಲ. ಅದನ್ನ ಕಳದಾಕಿ ಲೆಕ್ಕದ ಟೀಚರು ಅಂದ್ರ ಒಂದು ತೂಕ ಇರ್ತದ. ಕಂಪ್ಯೂಟರ್ ಬಂದ್ ಮಾಡಾಕ ಬರಲಾರದ ಮನಷಾ ಕಳದಾ ಅಂದ್ರ ನಾ ನಾಳೆ ಆಫೀಸಿನ್ಯಾಗ ಹೆಂಗ ತಲಿ ಎತ್ತಲಿ? ಏಳ್ರಿ ವೈನಿ, ಸೀರಿ ಬದಲ ಮಾಡ್ರಿ. ಸಾಕ್ಷಿ ಹೇಳಾಕ ನಾ ಬರ್ತೇನಿ.

ಮಧ್ಯಾಹ್ನದ ಲೋಕಲ್‌ನಲ್ಲಿ ಮೂವರೂ ಹೊರಟರು. ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಹದಿನಾಲ್ಕು ಜನ ಕೂತಿದ್ದರು, ಹದಿನಾಲ್ಕೂ ಗಂಡಸರು. ಈ ಮೂವರು ಒಳಗೆ ಬಂದದ್ದೇ ಎಲ್ಲರೂ ಎದ್ದು ಸೀತಾರಾಮನ ಕೈ ಕುಲುಕಿದರು. ಅವನು ಅಭ್ಯಾಸಬಲದಿಂದ ತಲೆ ಆಡಿಸಿಯೇಬಿಟ್ಟ. ವಿಮಲಾಳ ಮುಖ ಸಣ್ಣದಾಯಿತು.

ಚನ್ನಬಸಯ್ಯ ಟೇಬಲ್ ಗುದ್ದಿದರು.

ಚನ್ನಬಸಯ್ಯ: ಅರೆ, ಯೇ ನಹೀಂ! ಮೇರಾ ಇಜ್ಜತ್ ಇಸ್‌ನೇ ನಹೀಂ ನಿಕಾಲಾ, ಇಸ್ ಬಾಯೀ ನೇ ನಿಕಾಲಾ! ಮುಝೇ ಠೀಕ್ ಸೇ ದೇಖೋ!

ನನ್ನ ಮಾನ ಕಳೆದವನು ಇವನಲ್ಲ, ಈ ಹೆಂಗಸು, ನನ್ನನ್ನೇ ಸರಿಯಾಗಿ ನೋಡಿ ಎಂಬ ಆ ಹಿಂದಿಗೆ ಹದಿನಾಲ್ಕು ಜನ ಆ ಟೋಪಿ, ಆ ಗೊಂಚಲು, ಆ ಹೊಟ್ಟೆಯನ್ನು ನೋಡಿದರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಗರುಡ ಎಂಬ ಹೆಸರಿನವನು, ಇಪ್ಪತ್ತರ ಸಣಕಲ, ನಾಚಿ ವಿಮಲಾಳಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ.

ಪವಾಯಿಯ ಪ್ರೊಫೆಸರು ಕನ್ನಡಕ ಒರೆಸಿಕೊಂಡು ಮೊದಲ ಪ್ರಶ್ನೆ ಕೇಳಿದರು. ವಿಮಲಾ ಹೋಟೆಲಿನ ಬಿಲ್ಲನ್ನು ತಿರುಗಿಸಿ, ಪೆನ್ನು ತೆಗೆದು, ಹಿಂದುಗಡೆ ಬರೆಯತೊಡಗಿದಳು. ಮೊದಲೆರಡು ಸಾಲು ಬರೆದು ಹೊಡೆದುಹಾಕಿದಳು. ಆಮೇಲೆ ಕರಿಹಲಗೆಯ ಮುಂದೆ ನಿಂತಾಗಿನ ದನಿ ಬಂತು. ನಡುವೆ ಬಾಯಿ ಹಾಕಿದ ಮಿಸ್ಟರ್ ಎಕ್ಸ್‌ಗೆ "ಕೈ ಎತ್ತಿ ಕೇಳಿ" ಎಂದು ಇಂಗ್ಲಿಷಿನಲ್ಲಿ ಗದರಿಸಿದಳು. ಅವನು ಕೈ ಎತ್ತಿದ. ಚಹಾ ಆರಿಹೋಯಿತು, ಯಾರೂ ಮುಟ್ಟಲಿಲ್ಲ.

ಗೋಡೆಯ ಕಡೆಯ ಬೆಂಚಿನಲ್ಲಿ ಸೀತಾರಾಮನೂ ಚನ್ನಬಸಯ್ಯನೂ ಒಂದೇ ಪ್ಲೇಟು ಇಡ್ಲಿ ಹಂಚಿಕೊಂಡು ಕೂತಿದ್ದರು.

ಚನ್ನಬಸಯ್ಯ: ಏನರ ತಿಳಿಯಾಕತ್ತೇತೇನ್ರೀ ನಿಮಗ?

ಸೀತಾರಾಮ: ಒಂದಕ್ಷರ ಇಲ್ಲ ಸಾರ್.

ಚನ್ನಬಸಯ್ಯ: ನನಗೂ ಇಲ್ಲ. ಆದರ ಏನ ಅನ್ರಿ, ಮಾನ ಹೋದ್ರ ಇಂಥಾವ್ರ ಕೈಯಾಗ ಹೋಗಬೇಕು.