ಬೀಗರ ಮನೆಗೆ ರಿವರ್ಸ್ ಗೇರಿನಲ್ಲಿ

ತೋವಿನಕೆರೆಯ ರೇಣುಕಯ್ಯನವರ ಕಾರನ್ನು ಯಾರಾದರೂ ನಿಧಾನ ಎಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ನಿಧಾನ ಅಲ್ಲ ಕಣ್ರಯ್ಯ, ಗಾಂಭೀರ್ಯ!" ಎನ್ನುತ್ತಿದ್ದರು. ಕೊರಟಗೆರೆ ರಸ್ತೆಯಲ್ಲಿ ಕುರಿಮಂದೆಯೊಂದು ಹಿಂದೆ ಹಾಕಿ ಹೋದಾಗಲೂ (ಕುರಿ ಕಾಯುವವನು ತಿರುಗಿ ನೋಡಿ, "ನಿಧಾನಕ್ಕೆ ಬನ್ನಿ ಯಜಮಾನ್ರೇ, ನಾವ್ ಮುಂದೆ ಹೋಗಿರ್ತೀವಿ" ಅಂದಿದ್ದ) ಆ ಗಾಂಭೀರ್ಯಕ್ಕೆ ಕುಂದು ಬಂದಿರಲಿಲ್ಲ. ಆದರೆ ದಿಣ್ಣೆ ಸಿಕ್ಕಲ್ಲೆಲ್ಲ ಇಳಿದು ತಳ್ಳುವ ಭಾಗ್ಯ ಮಾತ್ರ ಹೆಂಡತಿ ಲಕ್ಕಮ್ಮನವರದು.

ಮಗಳನ್ನು ಮಧುಗಿರಿ ಕಡೆ ಕೊಟ್ಟ ಮೇಲೆ ಬೀಗರ ಮನೆಗೆ ಮೊದಲ ಸಲ ಊಟಕ್ಕೆ ಹೊರಟ ದಿನ ಲಕ್ಕಮ್ಮ ಬಾಗಿಲಲ್ಲೇ ತಡೆದರು.

"ಇವತ್ತು ರೇಷ್ಮೆ ಸೀರೆ ಉಟ್ಟಿವ್ನಿ. ಬೀಗ್ರ ಕಣ್ಮುಂದೆ ನನ್ ಕೈಲಿ ತಳ್ಳಿಸ್ಬುಟ್ರೆ ನಾಳೇನೇ ಈ ಕಾರು ಗುಜರಿಗೆ!"

"ನೀನು ಕುಂತ ಸೀಟಿಂದ ಏಳಂಗಿಲ್ಲ. ಬೀಗ್ರ ಅಂಗಳದಲ್ಲೇ ಇಳೀವಂತೆ, ನಡಿ."

ಬೀಗ ಸಿದ್ದಗಂಗಯ್ಯನವರ ಮನೆ ಇದ್ದದ್ದು ದಿಣ್ಣೆಯ ನೆತ್ತಿಯಲ್ಲಿ. ಕಾರು ಅರ್ಧ ಏರಿ, ನಿಟ್ಟುಸಿರು ಬಿಟ್ಟು, ಬಂದ ದಾರಿಯಲ್ಲೇ ಜಾರಿತು. ಇನ್ನೊಂದು ಸಲವೂ ಅದೇ ಕಥೆ. ಲಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ರೇಣುಕಯ್ಯನವರಿಗೆ ಆಗ ಹೊಳೆದದ್ದೇ ಬ್ರಹ್ಮಾಸ್ತ್ರ: ಈ ಮುದಿ ಕಾರಿಗೆ ಒಂದನೇ ಗೇರಿಗಿಂತ ರಿವರ್ಸ್ ಗೇರಿನಲ್ಲೇ ಕಸುವು ಜಾಸ್ತಿ! ಕೆಳಗೆ ಕಾರು ತಿರುಗಿಸಿ, ಕತ್ತು ಹಿಂದಕ್ಕೆ ಹೊರಳಿಸಿ, ಹಿಮ್ಮುಖವಾಗಿ ಏರತೊಡಗಿದರು. ಕಾರು ಗೊಣಗುತ್ತಲೇ ಹತ್ತಿತು. ಇನ್ನೇನು ಅಂಗಳ ಬಂತು ಎನ್ನುವಾಗ ಸಿದ್ದಗಂಗಯ್ಯ ಹೊರಗೆ ಬಂದರು.

ಅವರಿಗೆ ಕಂಡದ್ದು ತಮ್ಮ ಮನೆಗೆ ಬೆನ್ನು ಹಾಕಿದ ಬೀಗರ ಕಾರು. (ಅದು ಯಾವ ಕಡೆಗೆ ಚಲಿಸುತ್ತಿದೆ ಎನ್ನುವುದು ಅದರ ವೇಗದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ.) ಬೀಗರು ಮುನಿಸಿಕೊಂಡು ಉಣ್ಣದೆ ಹೋದರೆ ಆ ಮಾತು ಮೂರು ತಲೆಮಾರು ಉಳಿಯುತ್ತದೆ. ಮನೆಮಂದಿಯೆಲ್ಲ ಓಡಿಬಂದು ಕಾರಿನ ಮುಂದೆ ಅಡ್ಡ ನಿಂತರು.

"ಉಣ್ದೆ ಹೋಗ್ಬೇಡ್ರಿ ಬೀಗ್ರೇ! ನಮ್ಮಿಂದ ಏನ್ ತಪ್ಪಾಯ್ತು, ಬಾಯ್ಬುಟ್ಟು ಹೇಳಿ!" ಎಂದು ಸಿದ್ದಗಂಗಯ್ಯ ಕೈಮುಗಿದರು.

ರೇಣುಕಯ್ಯ ಸ್ಟೀರಿಂಗ್ ಹಿಡಿದೇ ಲೆಕ್ಕ ಹಾಕಿದರು. ಕಾರು ಮುಂದಕ್ಕೆ ಹತ್ತುವುದಿಲ್ಲ ಎಂದರೆ ತಮ್ಮ ಮಾನ ಹೋಗುತ್ತದೆ. ಮುನಿಸು ನಿಜ ಎಂದರೆ ಮಗಳ ಸಂಸಾರಕ್ಕೆ ಮುಳ್ಳು. ಅಷ್ಟರಲ್ಲಿ ಲಕ್ಕಮ್ಮ ಗಾಜು ಇಳಿಸಿದರು.

"ನಿಮ್ ತಪ್ಪು ಏನೂ ಇಲ್ಲ ಕಣಣ್ಣ. ಇಂಥ ಡಬ್ಬಾ ಗಾಡೀಲಿ ಬೀಗ್ರ ಬಾಗ್ಲಿಗೆ ಹೆಂಗ್ ಬರೋದು ಅಂತ ಇವ್ರಿಗೇ ನಾಚ್ಕೆ ಆಗ್ಬುಡ್ತು, ತಿರುಗಿಸ್ಬುಟ್ರು. ಇವತ್ತೇ ಮಾರ್ಬುಡ್ತೀನಿ ಅಂತ ದಾರಿಯುದ್ದಕ್ಕೂ ಒಂದೇ ಹಟ!"

"ಅಷ್ಟೇಯಾ!" ಸಿದ್ದಗಂಗಯ್ಯನವರಿಗೆ ಹೋದ ಜೀವ ಬಂತು. "ನಮ್ ಷಡ್ಡಕ ಓಬಳರಾಜುದೇ ಗುಜರಿ ಅಂಗ್ಡಿ. ಊಟಕ್ಕೆ ಬಂದವ್ನೆ, ಇಲ್ಲೇ ಅವ್ನೆ. ಏನಂತೀರಾ ಬೀಗ್ರೇ?"

ಇಡೀ ಬಳಗ ಅವರ ಮುಖವನ್ನೇ ನೋಡುತ್ತಿತ್ತು. ಮಗಳೂ ನೋಡುತ್ತಿದ್ದಳು. ರೇಣುಕಯ್ಯ ಅಳು ನುಂಗಿಕೊಂಡು ತಲೆಯಾಡಿಸಿದರು.

ಪಾಯಸ ಮುಗಿಸಿ ಕೈತೊಳೆದ ಓಬಳರಾಜು ಕೀಲಿ ಇಸಿದುಕೊಂಡು ಹೊರಟ. ಕಾರಿನ ಮುಖ ಆಗಲೇ ಇಳಿಜಾರಿನ ಕಡೆಗೆ ಇದ್ದದ್ದರಿಂದ ಅದನ್ನು ತಿರುಗಿಸುವ ಕಷ್ಟವೂ ಅವನಿಗೆ ಬೀಳಲಿಲ್ಲ.